ಕುಡಿಯದೆ ಇಟ್ಟ ನೀರು

ಅಜ್ಜಂಪುರದ ಸರ್ಕಾರಿ ಹಾಸ್ಟೆಲಿನಲ್ಲಿ ಮುದ್ದೆ ತೊಳಸುವ ದುರ್ಗಮ್ಮನನ್ನು ಅರಿಯದವರು ಆ ಊರಲ್ಲಿ ಇರಲಿಕ್ಕಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ದೊಡ್ಡ ಪಾತ್ರೆಯನ್ನು ಕಾಲಲ್ಲಿ ಅಮುಕಿ ಹಿಡಿದು ಕೋಲು ತಿರುವಲು ನಿಂತಳೆಂದರೆ ಒಂದು ಗಂಟು ಉಳಿಯಬಾರದು, ಉಳಿದರೆ ಅವಳು ಅವತ್ತೆಲ್ಲ ಮಾತಾಡುತ್ತಿರಲಿಲ್ಲ. ಅವಳ ಕೈಯಡಿಗೆ ಉಂಡು ಬೆಳೆದವರಲ್ಲಿ ಈಗ ಪೊಲೀಸಿನವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಕಡೂರು ಡಿಪೋದಲ್ಲಿ ಬಸ್ಸು ಓಡಿಸುವವರಿದ್ದಾರೆ. ದಾರಿಯಲ್ಲಿ ಕಂಡರೆ ಬಸ್ಸು ನಿಧಾನ ಮಾಡಿ "ದುರ್ಗಕ್ಕಾ, ಇವತ್ತೇನ್ ಸಾರು?" ಎಂದು ಕೂಗಿ ಹೋಗುತ್ತಾರೆ. ಊರಿಗೆಲ್ಲ ಉಣ್ಣಲಿಕ್ಕಿದ ಹೆಂಗಸಿಗೆ ತನ್ನದು ಅನ್ನುವ ಒಂದು ಒಲೆಯಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಬಾಡಿಗೆ ಮನೆಯೇ.

ಗಂಡ ಚಿಕ್ಕಬೀರಪ್ಪ ಅಮೃತಮಹಲ್ ಕಾವಲಿನಲ್ಲಿ ದಿನಗೂಲಿಗೆ ದನ ಕಾಯುತ್ತಿದ್ದ. ಕತ್ತಿಯಂಥ ಕೋಡಿನ ಆ ಬೂದು ದನಗಳು ಗುರುತಿಲ್ಲದವರನ್ನು ಮಾರು ದೂರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಚಿಕ್ಕಬೀರಪ್ಪ ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಟೊಕ್ ಟೊಕ್ ಎಂದರೆ ಸಾಕು, ಹಿಂಡಿಗೆ ಹಿಂಡೇ ಕತ್ತೆತ್ತಿ ಅವನ ಹಿಂದೆ ಹೊರಡುತ್ತಿತ್ತು. ಮನುಷ್ಯರೊಡನೆ ಅವನ ಮಾತು ಕಡಿಮೆ. ಹೆಗಲ ಮೇಲೆ ಅಪ್ಪನ ಕಾಲದ ಕರಿಕಂಬಳಿ. ಬೀರದೇವರ ಒಕ್ಕಲಿನವರಿಗೆ ಕಂಬಳಿ ಬರೀ ಹೊದಿಕೆಯಲ್ಲ, ದೇವರನ್ನು ಕೂರಿಸುವ ಗದ್ದುಗೆಯೂ ಅದೇ. ಕಂಡಲ್ಲಿ ಬಿಸಾಡುವಂತಿಲ್ಲ, ಗೂಟಕ್ಕೆ ತೂಗುಹಾಕಬೇಕು. ಬಾಡಿಗೆ ಮನೆಯಲ್ಲಿ ಗೂಟ ಎಲ್ಲಿಂದ ಬರಬೇಕು? ಕಾಲಿಟ್ಟ ಮನೆಯಲ್ಲೆಲ್ಲ ಮೊದಲು ಬಿದ್ದ ಮಾತು ಒಂದೇ: "ಗೋಡೆಗೆ ಮೊಳೆ ಹೊಡೀಬೇಡ್ರಪ್ಪ." ಹಾಗಾಗಿ ಕಂಬಳಿ ಟ್ರಂಕಿನ ಮೇಲೆ ಮಡಿಸಿಕೊಂಡು, ಬಂದ ನೆಂಟನ ಹಾಗೆ ಮುದುಡಿ ಕೂತಿರುತ್ತಿತ್ತು.

ಅವರು ಸಂತೆಬೀದಿಯಲ್ಲಿ ಇದ್ದಾಗ ಚಿಕ್ಕಬೀರಪ್ಪನ ತಾಯಿ ತೀರಿಕೊಂಡಳು. ಬಾಡಿಗೆಯವರ ಹೆಣ ಒಳಗಿಡಲು ನಮ್ಮ ಕಡೆ ಮನೆಯ ಒಡೆಯರು ಒಪ್ಪುವುದಿಲ್ಲ. ಸತ್ತ ಗಳಿಗೆಯ ನಕ್ಷತ್ರ ಕೆಟ್ಟಿದ್ದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಬೇಕಾಗುತ್ತದಲ್ಲ, ಅವರದೂ ತಪ್ಪೆನ್ನಲಾಗದು. ಮುದುಕಿಯನ್ನು ಬೀದಿಯಲ್ಲಿ ಬೆಂಚಿನ ಮೇಲೆ ಕೂರಿಸಿ, ಹೂ ಏರಿಸಿ, ಗೋಡೆಗೆ ಒರಗಿಸಿದ್ದರು. ಸಂತೆಬೀದಿ ಇಕ್ಕಟ್ಟು. ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಬಂತು. ಡ್ರೈವರು ಇಳಿದು ಕೈಯೇನೋ ಮುಗಿದ, ಆದರೆ ಹಿಂದೆ ಗಾಡಿಗಳು ಸಾಲುಗಟ್ಟಿದ್ದವು. ನಾಲ್ಕು ಜನ ಬೆಂಚಿನ ಸಮೇತ ಹೆಣವನ್ನು ಎತ್ತಿ ಚರಂಡಿಯ ಅಂಚಿಗೆ ಸರಿಸಿದರು. ಎತ್ತುವ ಅಳ್ಳಾಟಕ್ಕೆ ಮುದುಕಿಯ ಕತ್ತು ವಾಲಿ, ಹಣೆಯ ವಿಭೂತಿ ಮೂಗಿನ ಮೇಲೆ ಸುರಿಯಿತು. ಟ್ರ್ಯಾಕ್ಟರ್ ದಾಟಿದ ಮೇಲೆ ಮತ್ತೆ ಎತ್ತಿ ಈಚೆಗಿಟ್ಟರು.

ಮಣ್ಣು ಮಾಡಿ ಬಂದು ಕೂತ ಚಿಕ್ಕಬೀರಪ್ಪ ಹೆಂಡತಿಗೆ ಹೇಳಿದ್ದು ಇಷ್ಟು: "ದುರ್ಗೀ, ನನ್ನ ಹಂಗೆ ಸರಿಸ್ಬೇಡ ಕಣೇ. ದನವೂ ತನ್ನ ಗೂಟದಾಗೆ ಸಾಯ್ತದೆ."

ಆ ಮಾತು ದುರ್ಗಮ್ಮನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಅವಳಿಗೆ ಕೆಲಸ ಕಾಯಂ ಆದದ್ದು ಆಮೇಲೆ. ಚಿಕ್ಕಬೀರಪ್ಪನಿಗೆ ಉಬ್ಬಸ ಶುರುವಾದದ್ದೂ ಆಮೇಲೆಯೇ. ತರೀಕೆರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಅವನನ್ನು ಹೊರಗೆ ಕೂರಿಸಿ, "ಶ್ವಾಸಕೋಶ ಹಳೇ ಜರಡಿ ಆಗಿದೆ ತಾಯಿ, ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಚೆನ್ನಾಗಿ ನೋಡಿಕೊಳ್ಳುವುದೆಂದರೆ ಏನೆಂದು ದುರ್ಗಮ್ಮನಿಗೆ ಗೊತ್ತಿತ್ತು. ಗಂಡನ ಉಸಿರು ನಿಲ್ಲುವ ಮೊದಲು ಒಂದು ಸ್ವಂತ ಹೊಸ್ತಿಲು ಬೇಕು. ಅವನು ಅದರೊಳಗಿಂದ ಹೋಗಬೇಕು, ಯಾವ ಟ್ರ್ಯಾಕ್ಟರಿಗೂ ದಾರಿ ಬಿಡದೆ.

ರೈಲ್ವೆ ಸ್ಟೇಷನ್ ಕಡೆ ಗಿರಿಯಪ್ಪ ಎಂಬುವರ ಮನೆ ಮಾರಾಟಕ್ಕಿತ್ತು. ಎರಡು ಕೋಣೆ, ಮುಂದೆ ಜಗಲಿ, ಒಂದು ಬೇವಿನ ಮರ. ಚಿಕ್ಕಬೀರಪ್ಪ ಒಳಗೆ ಹೋಗಿ, ದನದ ಬೆನ್ನು ಸವರುವ ಹಾಗೆ ಗೋಡೆ ಸವರಿ, "ಇಲ್ಲೊಂದು ಗೂಟ ಹೊಡೀಬೋದು" ಎಂದ. ದುರ್ಗಮ್ಮನ ಮಟ್ಟಿಗೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಉಳಿದದ್ದು ಬ್ಯಾಂಕಿನ ಸಾಲ. ಅವಳ ಸಂಬಳಕ್ಕೆ ಸಾಲ ಹುಟ್ಟುತ್ತದೆ ಎಂದು ಹಾಸ್ಟೆಲಿನ ವಾರ್ಡನ್ನೇ ಹೇಳಿದ್ದರು. ಆದರೆ ಕಾಗದ ಕೂಡಿಸಿ, ಬ್ಯಾಂಕಿಗೂ ಮನೆಗೂ ನಡುವೆ ಓಡಾಡಲು ಬಲ್ಲವನೊಬ್ಬ ಬೇಕಲ್ಲ. ಕಡೂರಿಗೆ ಮದುವೆಯಾಗಿ ಹೋಗಿದ್ದ ಮಗಳು ಅನುಷಾ ಫೋನಿನಲ್ಲಿ ಹೇಳಿದಳು, "ತರೀಕೆರೆ ಮೃತ್ಯುಂಜಯಪ್ಪ ಅಂತ ಇದಾರೆ ಕಣಮ್ಮ. ಸಾಲ ಆಗೋಗಂಟ ಕಾಸು ಮುಟ್ಟಲ್ವಂತೆ. ಮಾತು ಮಾತ್ರ ಒರಟಂತೆ."

"ಮಾತು ಕಟ್ಕೊಂಡು ನಂಗೇನಾಗ್ಬೇಕು, ಕರಿ" ಎಂದಳು ದುರ್ಗಮ್ಮ.

ಮೃತ್ಯುಂಜಯಪ್ಪ ಒಂದು ಭಾನುವಾರ ಹಳೇ ಸ್ಕೂಟರಿನಲ್ಲಿ ಬಂದರು. ಐವತ್ತು ದಾಟಿದ ಆಸಾಮಿ, ಹಣೆಗೆ ಮೂರು ಬೆರಳು ವಿಭೂತಿ, ಕಂಕುಳಲ್ಲಿ ಹೆಲ್ಮೆಟ್ಟು. ಅಷ್ಟರೊಳಗೆ ಪಟ್ಟಣ ಪಂಚಾಯ್ತಿಗೂ ಗಿರಿಯಪ್ಪನ ಮನೆಗೂ ಹೋಗಿ ವಿಚಾರಿಸಿ ಬಂದಿದ್ದರು. ದುರ್ಗಮ್ಮ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಲೋಟದಲ್ಲಿ ನೀರು, ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಟ್ಟಳು. ಅವರು ಲೋಟವನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ತಳ್ಳಿ ಕೂತರು.

"ದುರ್ಗಮ್ಮೋರೇ, ಈ ಮನೆಗೆ ಸಾಲ ಆಗಲ್ಲ."

"ಅಂಗಂದ್ರೆ?"

"ಖಾತೆ ಇನ್ನೂ ಗಿರಿಯಪ್ಪನ ತಂದೆ ಹೆಸರಲ್ಲೈತೆ. ಅವ್ರು ಸತ್ತು ಬಾಳ ಕಾಲ ಆಯ್ತು. ಗಿರಿಯಪ್ಪಂಗೆ ಒಬ್ಬ ತಮ್ಮ, ಒಬ್ಳು ಅಕ್ಕ. ಪಾಲಾಗಿಲ್ಲ. ಮೂರೂ ಜನ ಒಪ್ಪಿ ಸಹಿ ಮಾಡ್ದೆ ಯಾವ ಬ್ಯಾಂಕೂ ಕೊಡಲ್ಲ. ಯಾವನಾದ್ರೂ ಕೊಟ್ರೂ ನೀವು ತಗೋಬಾರ್ದು."

"ಗಿರಿಯಪ್ಪಣ್ಣ ಒಪ್ಪಿಸ್ತೀನಿ ಅಂದವ್ರೆ..."

"ಒಪ್ಪಿಸ್ಲಿ. ಆಮೇಲೆ ಮುಂಗಡ ಕೊಡಿ. ಅಲ್ಲೀಗಂಟ ಬಿಡಿಗಾಸು ಬಿಚ್ಬೇಡಿ. ಇಲ್ದಿದ್ರೆ ಬೇರೆ ನೋಡಣ. ಚಿಕ್ಕದಾದ್ರೂ ಸರಿ, ಕಾಗದ ಚೊಕ್ಕ ಇರ್ಬೇಕು."

ಒಳಗೆ ಚಿಕ್ಕಬೀರಪ್ಪನಿಗೆ ಕೆಮ್ಮು ಹತ್ತಿತು. ಹತ್ತಿದ್ದು ಬೇಗ ಇಳಿಯಲಿಲ್ಲ. ದುರ್ಗಮ್ಮ ಬಾಗಿಲ ಕಡೆ ಕಣ್ಣು ಮಾಡಿ, ದನಿ ತಗ್ಗಿಸಿ, "ನಮಗೆ ಟೈಮಿಲ್ಲ ಅಣ್ಣೋರೇ" ಎಂದಳು.

ಮೃತ್ಯುಂಜಯಪ್ಪನಿಗೆ ತಿಳಿಯಿತು. ತಿಳಿದರೂ ಅವರ ಬಾಯಿಂದ ಮೆತ್ತನೆಯ ಮಾತು ಬರಲಿಲ್ಲ. "ನಮಗೆ ಅರ್ಜೆಂಟು ಅಂತ ಕಾಗದ ಸರಿಹೋಗಲ್ಲಮ್ಮ" ಎಂದು ಎದ್ದರು.

"ನೀರಾದ್ರೂ ಕುಡ್ಕೊಂಡು ಹೋಗಿ."

"ಬೇಡಿ."

ಆ 'ಬೇಡಿ' ಕೇಳಿದ್ದೇ ದುರ್ಗಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮನೆ ಆಗಲ್ಲ ಎಂದದ್ದಕ್ಕಿಂತ ಆ ಲೋಟ ಅವಳನ್ನು ಸುಟ್ಟಿತು. ಸಾವಿರ ಮಕ್ಕಳಿಗೆ ಉಣ್ಣಿಸಿದ ಕೈ ಇದು, ಈ ಕೈಯ ನೀರು ಇವನಿಗೆ ಮೈಲಿಗೆಯೇ? ನಲ್ಲಿಯ ಹತ್ತಿರ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಅವರೆದುರಿಗೇ ಅವಳು ಲೋಟದ ನೀರನ್ನು ಚರಂಡಿಗೆ ಎರಚಿದಳು.

"ನಮ್ಮನೆ ನೀರು ಇಳೀದ ಗಂಟ್ಲು ನಮಗೆ ಮನೆ ಕೊಡ್ಸೀತೇ? ಅವರ ಮಡಿ ಅವರ ಮಠದಾಗಿರ್ಲಿ! ಬಂದ್ಬಿಟ್ಟ ದೊಡ್ಡ ಮನ್ಸ!"

ಮೃತ್ಯುಂಜಯಪ್ಪ ಹೆಲ್ಮೆಟ್ಟು ಏರಿಸುತ್ತಿದ್ದವರು ಒಂದು ಗಳಿಗೆ ಹಾಗೇ ನಿಂತರು. ತಿರುಗಿ ನೋಡಲಿಲ್ಲ. ಸ್ಕೂಟರನ್ನು ಒದ್ದು ಚಾಲೂ ಮಾಡಿ ಹೊರಟುಹೋದರು.

"ಬೈಬಾರ್ದಿತ್ತು ಕಣೇ" ಎಂದ ಚಿಕ್ಕಬೀರಪ್ಪ, ಕೆಮ್ಮು ಇಳಿದ ಮೇಲೆ. "ದನ ನೀರು ಮುಟ್ಟದಿದ್ರೆ ಯಾಕೆ ಅಂತ ನೋಡ್ತೀವಿ. ಬೈತೀವಾ?"

"ಅದು ದನ. ಇವ್ನು ಮನ್ಸ" ಎಂದು ಅವಳು ಲೋಟವನ್ನು ತಿರುಗಿ ಉಜ್ಜತೊಡಗಿದಳು.

ಹಾಲೇಶ್ ಸಿಕ್ಕಿದ್ದು ಅದಾದ ವಾರಕ್ಕೆ. ದುರ್ಗಮ್ಮನ ತವರು ಶಿವನಿ ಕಡೆಯ ಹಳ್ಳಿ, ಅದೇ ಹಳ್ಳಿಯ ಹುಡುಗ, ಒಕ್ಕಲೂ ಒಂದೇ. ಕಡೂರಿನಲ್ಲಿ ಒಂದು ಫೈನಾನ್ಸ್ ಆಫೀಸಿಗೆ ಸಾಲದ ಗಿರಾಕಿ ಹುಡುಕಿಕೊಡುವ ಕೆಲಸ ಹಿಡಿದಿದ್ದ. ಬಂದವನೇ ಹೊರಗೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ನೇರ ಒಲೆ ಮುಂದೆ ಹೋಗಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದ.

"ಅತ್ತೇ! ಹುರುಳಿಕಾಳು ಬಸ್ಸಾರು! ಊರಲ್ಲಿ ನಮ್ಮವ್ವ ಮಾಡಿದ್ದೇ ಕೊನೆ, ಇನ್ನು ಬಿಟ್ರೆ ನೀನೇ."

"ಮೊದ್ಲು ಕೈ ತೊಳ್ಕೊಳೋ, ಬಾಯಿಬಡುಕ."

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ಮುದ್ದೆ ನುಂಗಿದ. "ಈ ಮುದ್ದೆ ಹೊಟ್ಟೇಲಿದ್ರೆ ಕಡೂರುಗಂಟ ಬೈಕಿಗೆ ಪೆಟ್ರೋಲ್ ಬ್ಯಾಡ ಕಣ್ ಮಾವ" ಎಂದು ಚಿಕ್ಕಬೀರಪ್ಪನನ್ನು ನಗಿಸಿದ. ನಕ್ಕು ನಕ್ಕು ಅವನಿಗೆ ಕೆಮ್ಮು ಬಂದಾಗ ಬೆನ್ನು ನೀವಿದ. ದುರ್ಗಮ್ಮ ಅಡಿಗೆಮನೆಯಲ್ಲೇ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮನೆಯ ಅನ್ನ ಉಂಡವನು ಮನೆಗೆ ಎರಡು ಬಗೆಯಲಾರ ಅನ್ನುವುದು ಅವಳು ತಾಯಿಯ ಹಾಲಿನ ಜೊತೆ ಕುಡಿದಿದ್ದ ಮಾತು. ಆ ತಕ್ಕಡಿ ಒಂದೇ ಅವಳಲ್ಲಿ ಇದ್ದದ್ದು. ಅದರಲ್ಲೇ ಇಬ್ಬರನ್ನೂ ತೂಗಿದಳು.

"ಗಿರಿಯಪ್ಪನ ಅಕ್ಕ, ತಮ್ಮ ಸಹಿ ಹಾಕ್ಬೇಕಂತಲ್ಲೋ?"

"ಹಾಕ್ತಾರೆ ಬಿಡತ್ತೆ. ಮುಂಗಡ ಕೈಗೆ ಬಿದ್ರೆ ಯಾರ ಬೆರಳೂ ತಾನಾಗೇ ಸಹಿ ಹಾಕ್ತದೆ. ನಾನಿದೀನಲ್ಲ!"

ಸಂಬಳದಲ್ಲಿ ಉಳಿಸಿದ್ದು, ಕೊರಳಿನ ಗುಂಡಿನ ಸರ ಎರಡೂ ಸೇರಿ ಗಿರಿಯಪ್ಪನಿಗೆ ಮುಂಗಡವಾಗಿ ಹೋದವು. ಹಾಲೇಶಿಗೂ ಅವನ ಓಡಾಟದ ಬಾಬ್ತು ಸಂದಿತು. ಅವನು ಕಡೂರಿನ ಆಫೀಸಿಗೆ ಫೈಲು ಹಾಕಿದ. ಮುಂದಿನ ವಾರ ಮ್ಯಾನೇಜರು ಬಂದು ಮನೆ ನೋಡುತ್ತಾರೆ ಎಂದ.

ಮುಂದಿನ ವಾರ ಬಂದವನು ಮ್ಯಾನೇಜರಲ್ಲ, ಹಾಲೇಶನೇ. ದುರ್ಗಮ್ಮ ತಟ್ಟೆ ಇಟ್ಟಳು. ಒಳಗಿಂದ ಚಿಕ್ಕಬೀರಪ್ಪ, "ಹಾಲೇಶಿ ಬಂದ್ನಾ?" ಎಂದ. ಹಾಲೇಶ್ ತುತ್ತು ಮುರಿಯುತ್ತಾ, "ಮುಂದಿನ್ ವಾರ ಆಗ್ತದಂತೆ ಮಾವ" ಎಂದ. ಹೀಗೇ ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಬರಬರುತ್ತಾ ಹಾಲೇಶನ ಚೇಷ್ಟೆ ಕಡಿಮೆಯಾಯಿತು. ಮುಚ್ಚಳ ತೆಗೆದು ಮೂಸುವುದನ್ನು ಬಿಟ್ಟ. ತಲೆ ಬಗ್ಗಿಸಿ, ತಟ್ಟೆಯನ್ನೇ ನೋಡುತ್ತಾ ಉಂಡು ಏಳುತ್ತಿದ್ದ. ನಮಗಾಗಿ ಅಲೆದು ಅಲೆದು ಹುಡುಗ ಸೊರಗಿದ ಎಂದು ದುರ್ಗಮ್ಮ ಇನ್ನೊಂದು ಚೂರು ಮುದ್ದೆ, ಇನ್ನೊಂದು ಸೌಟು ಸಾರು ಹೆಚ್ಚಿಗೆ ಹಾಕುತ್ತಿದ್ದಳು.

ಇತ್ತ ಚಿಕ್ಕಬೀರಪ್ಪ ಕೆಲಸ ಬಿಟ್ಟಿದ್ದ. ಎಲ್ಲಿಂದಲೋ ಒಂದು ಹೊನ್ನೆ ಮರದ ತುಂಡು ತರಿಸಿ, ಬಿಸಿಲಿಗೆ ಹೊಸ್ತಿಲಲ್ಲಿ ಕೂತು, ಕುಡುಗೋಲಿನಲ್ಲಿ ಗೂಟ ಕೆತ್ತುತ್ತಿದ್ದ. ನಾಲ್ಕು ಸಲ ಕೆತ್ತಿದರೆ ಒಂದು ಸಲ ಉಸಿರಿಗೆ ನಿಲ್ಲಬೇಕು. ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು, ಎಣ್ಣೆ ಸವರಿ, ಕೈಯಲ್ಲಿ ಹೊರಳಿಸಿ ನೋಡಿ ದಿಂಬಿನ ಅಡಿಗೆ ಇಟ್ಟುಕೊಂಡ. ಆಗ ಇದ್ದ ಬಾಡಿಗೆ ಮನೆಯ ಒಡತಿ ತೀರ್ಥಮ್ಮ ಅತ್ತಿತ್ತ ಹೋಗುವಾಗ ನೋಡಿ, "ಇದ್ಯಾವ ದನಕ್ಕಪ್ಪಾ ಗೂಟ?" ಎಂದು ನಕ್ಕಳು.

"ಈ ದನಕ್ಕೇ ಕಣ್ರವ್ವ" ಎಂದು ಚಿಕ್ಕಬೀರಪ್ಪ ತನ್ನ ಎದೆ ಮುಟ್ಟಿ ತೋರಿಸಿದ.

ತೀರ್ಥಮ್ಮ ಕೆಟ್ಟವಳಲ್ಲ. ಬಾಡಿಗೆ ಎರಡು ತಿಂಗಳು ತಡವಾದಾಗಲೂ ಬಾಯಿ ಬಿಟ್ಟವಳಲ್ಲ. ಆದರೆ ಮಗಳಿಗೆ ಮದುವೆ ಗೊತ್ತಾಗಿತ್ತು, ದೇವರ ಕಾರ್ಯ ಶುರುವಾಗಿತ್ತು. ಒಂದು ಬೆಳಗ್ಗೆ ದುರ್ಗಮ್ಮ ಹಾಸ್ಟೆಲಿನಲ್ಲಿ ಹುಡುಗರಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ತೀರ್ಥಮ್ಮನ ಫೋನು ಬಂತು. ಓಡಿ ಬಂದರೆ ಚಿಕ್ಕಬೀರಪ್ಪನ ಉಸಿರು ಗಂಟಲಿಗೆ ಬಂದು ನಿಂತಿತ್ತು. ಬಾಗಿಲ ಹೊರಗೆ ತೀರ್ಥಮ್ಮ ಸೆರಗನ್ನು ಬಾಯಿಗೆ ಹಿಡಿದು ಅಳುತ್ತಿದ್ದಳು. "ದುರ್ಗಾ, ತಪ್ಪು ತಿಳೀಬೇಡ ಕಣೇ, ಮದುವೆ ಮನೆ ಇದು..." ಎಂದಳು.

ದುರ್ಗಮ್ಮ ಬಾಯಿ ತೆಗೆಯುವ ಮೊದಲೇ ಚಿಕ್ಕಬೀರಪ್ಪ ಎದ್ದು ಕೂತ. "ನಡಿ" ಎಂದ.

"ಎಲ್ಲಿಗೆ?"

"ಹೊರಕ್ಕೆ. ಯಾರೂ ಹೊತ್ಕೊಂಡು ಹೋಗಾದು ಬ್ಯಾಡ. ನಾನೇ ನಡೀತೀನಿ."

ಕಂಬಳಿ ಹೆಗಲಿಗೆ ಹಾಕಿಕೊಂಡು, ಹೆಂಡತಿಯ ಭುಜ ಹಿಡಿದು, ಆ ಬಾಡಿಗೆಯ ಹೊಸ್ತಿಲನ್ನು ತಾನಾಗಿ ದಾಟಿದ. ಬೀದಿಯಲ್ಲಿ ಹಾಕಿದ್ದ ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತು ಬೇಕಾಯಿತು ಉಸಿರು ಹಿಡಿಯಲು. ಆಮೇಲೆ, "ಹಾಲೇಶಿ ಬಂದ್ನಾ?" ಎಂದು ಕೇಳಿದ.

"ಮುಂದಿನ್ ವಾರ ಅಂದವ್ನೆ."

"ಮುಂದಿನ್ ವಾರ" ಎಂದು ಚಿಕ್ಕಬೀರಪ್ಪ ಅವಳ ಮಾತನ್ನೇ ಹೇಳಿದ. ನಕ್ಕನೋ, ಬಾಯಿ ಹಾಗೆ ತೆರೆಯಿತೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹೆಗಲ ಕಂಬಳಿ ಜಾರಿತು.

ಅದೇ ಸಂತೆಬೀದಿಯ ಪಕ್ಕದ ಓಣಿ ಅದು. ಅಷ್ಟೇ ಇಕ್ಕಟ್ಟು. ಅನುಷಾ ಕಡೂರಿನಿಂದ ಬಂದು, ನೆಂಟರು ನೆರೆದು, ಹೂ ಏರಿಸಿ ಹೆಣವನ್ನು ಕೂರಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಆಗ ಓಣಿಯ ಬಾಯಲ್ಲಿ ಟ್ರ್ಯಾಕ್ಟರಿನ ಹಾರನ್ ಕೇಳಿಸಿತು. ದುರ್ಗಮ್ಮ ಬೆಂಚನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಎತ್ತಲು ಬಂದವರ ಕೈ ಕಚ್ಚಿಬಿಡುವ ಹಾಗಿತ್ತು ಅವಳ ಮುಖ.

ಯಾರೂ ಎತ್ತಲು ಬರಲಿಲ್ಲ. ಕತ್ತು ಎತ್ತಿ ನೋಡಿದಳು. ಓಣಿಯ ಬಾಯಿಗೆ ಅಡ್ಡಲಾಗಿ ಒಂದು ಹಳೇ ಸ್ಕೂಟರು ನಿಂತಿತ್ತು. ಅದರ ಪಕ್ಕದಲ್ಲಿ ಕಂಕುಳಲ್ಲಿ ಹೆಲ್ಮೆಟ್ಟು ಇಟ್ಟುಕೊಂಡವರೊಬ್ಬರು ಟ್ರ್ಯಾಕ್ಟರಿನವನಿಗೆ ಏನೋ ಹೇಳುತ್ತಿದ್ದರು. ಟ್ರ್ಯಾಕ್ಟರು ಗೊಣಗುತ್ತಾ ಹಿಂದಕ್ಕೆ ಸರಿಯಿತು. ಆಮೇಲೆ ಒಂದು ಗೂಡ್ಸ್ ಆಟೋ ಬಂತು, ಅದೂ ತಿರುಗಿಕೊಂಡು ಹೋಯಿತು. ಹೆಣ ಎತ್ತುವವರೆಗೂ ಆ ಸ್ಕೂಟರು ಅಲ್ಲಿಂದ ಕದಲಲಿಲ್ಲ. ಪಂಚಾಯ್ತಿ ಆಫೀಸಿಗೆ ಬೇರೆ ಯಾರದೋ ಕೆಲಸಕ್ಕೆ ಬಂದಿದ್ದವರು ಸುದ್ದಿ ಕೇಳಿ ಬಂದರಂತೆ. ಹತ್ತಿರ ಬರಲಿಲ್ಲ, ಮಾತಾಡಿಸಲಿಲ್ಲ.

ಚಿಕ್ಕಬೀರಪ್ಪನನ್ನು ಸರಿಸಲಿಲ್ಲ. ಅಷ್ಟು ಮಾತ್ರ ಉಳಿಯಿತು.

ತಿಥಿಯ ದಿನ ಹಾಲೇಶ್ ಬಂದು ಅಂಗಳದಲ್ಲೇ ನಿಂತ. ದುರ್ಗಮ್ಮ ಎಲೆ ಹಾಕಿ ಕರೆದಳು. "ಉಣ್ಣಲ್ಲ ಅತ್ತೆ" ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ಅಚ್ಚರಿಯಾಗಿ ಹೊರಗೆ ಬಂದಳು.

"ಫೈಲು ಮೊದಲ್ನೇ ತಿಂಗಳಲ್ಲೇ ವಾಪಸ್ ಬಂದಿತ್ತು ಅತ್ತೆ. ಗಿರಿಯಪ್ಪನ ಅಕ್ಕ ಸಹಿ ಹಾಕಲ್ಲ ಅಂದ್ಬಿಟ್ಳು."

"ಗೊತ್ತಿದ್ದೂ ಹೇಳ್ನಿಲ್ವೇನೋ?"

"ಹೇಳಣ ಅಂತ್ಲೇ ಬತ್ತಿದ್ದೆ. ಪ್ರತಿ ಸಲಾನೂ ಹೇಳಣ ಅಂತ್ಲೇ. ನೀನು ತಟ್ಟೆ ಇಡ್ತಿದ್ದೆ. ಒಳಗಿಂದ ಮಾವ 'ಹಾಲೇಶಿ ಬಂದ್ನಾ' ಅಂತ ಕೇಳ್ತಿತ್ತು. ಬಾಯಾಗೆ ನಿಮ್ಮ ತುತ್ತಿಟ್ಕೊಂಡು ಹೆಂಗೆ ಹೇಳ್ಲಿ ಅತ್ತೆ? ನಾಲಗೆ ಏಳ್ನಿಲ್ಲ." ತಾನು ಗಂಡಸು ಎಂಬುದನ್ನೂ ಮರೆತು ಗೊಳೋ ಎಂದು ಅತ್ತ.

ದುರ್ಗಮ್ಮನಿಗೆ ಬೈಯಲು ಬಾಯಿ ತುಂಬ ಮಾತಿದ್ದವು. ಮೋಸಗಾರನಾಗಿದ್ದರೆ ಶಾಪ ಹಾಕಬಹುದಿತ್ತು. ಇವನು ಅವಳ ಅನ್ನಕ್ಕೇ ಕಟ್ಟುಬಿದ್ದವನು. ಅವನ ಬಾಯಿ ಮುಚ್ಚಿಸಿದ್ದು ತನ್ನ ಮುದ್ದೆಯೇ, ತಾನೇ ಮೇಲೆ ಮೇಲೆ ಹಾಕಿ ಮುಚ್ಚಿಸಿದ್ದು. ಅದು ಹೊಳೆದಾಗ ಅವಳು ಅಂಗಳದ ಕಲ್ಲಿನ ಮೇಲೆ ಕೂತಳು. ಗಂಡ ಸತ್ತಾಗ ಬಾರದ ಅಳು ಆಗ ಬಂತು.

ಹಾಲೇಶ್ ಬೇರೇನೂ ಮಾಡಲಾಗದಿದ್ದರೂ ಗಿರಿಯಪ್ಪನ ಬಾಗಿಲಲ್ಲಿ ಕೂತು, ಬೇಡಿ, ಜಗಳವಾಡಿ, ಮುಂಗಡದ ಬಹುಪಾಲನ್ನು ತಂದು ಅವಳ ಕೈಗಿಟ್ಟ. ತನ್ನ ಬಾಬ್ತನ್ನೂ ತಿರುಗಿಸಿದ. ಆಮೇಲೆ ಆ ಕೆಲಸವನ್ನೇ ಬಿಟ್ಟನಂತೆ.

ಮಳೆಗಾಲ ಹಿಡಿಯುವ ಹೊತ್ತಿಗೆ ದುರ್ಗಮ್ಮ ತರೀಕೆರೆ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅಡಿಕೆ ಮಂಡಿಯ ಮಹಡಿಯ ಮೇಲೆ ಮೃತ್ಯುಂಜಯಪ್ಪನ ಕೋಣೆ. ಕೆಳಗಿನ ಅಡಿಕೆಯ ಒಗರು ವಾಸನೆ ಮೆಟ್ಟಿಲು ಹತ್ತಿ ಬಂದಿತ್ತು. ಅವಳನ್ನು ನೋಡಿ ಅವರು ಎದ್ದು ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ.

"ಅವತ್ತು ನೀರು ಯಾಕೆ ಕುಡೀನಿಲ್ಲ? ಅದೊಂದು ಹೇಳ್ಬಿಡಿ. ಆಮೇಲೆ ಬೇಕಾದ್ರೆ ಹೊರಕ್ಕೆ ಹಾಕಿ."

ಮೃತ್ಯುಂಜಯಪ್ಪ ಕಿಟಕಿಯಾಚೆ ನೋಡಿದರು. "ನಮ್ಮಪ್ಪ ಇದೇ ಕೆಳಗಿನ ಮಂಡೀಲಿ ಅಡಿಕೆ ತೂಗ್ತಿದ್ದ. ಹಳ್ಳಿಗೆ ಅಡಿಕೆ ತೂಗಕ್ಕೆ ಹೋದ್ರೆ, ತೂಕ ಮುಗಿಯೋಗಂಟ ಆ ಮನೆ ನೀರೂ ಮುಟ್ಟಬೇಡ ಅಂತಿದ್ದ. 'ಉಂಡವನ ಕೈಯಾಗೆ ತಕ್ಕಡಿ ನೆಟ್ಟಗೆ ನಿಲ್ಲಲ್ಲ ಕಣೋ ಮಗಾ' ಅಂತ. ನಂದೂ ಅದೇ ತಕ್ಕಡಿ ಕೆಲ್ಸ ಅಲ್ವಾ ತಾಯಿ. ಹೌದೋ ಇಲ್ವೋ ಹೇಳಾದು. ಉಂಡ್ಮೇಲೆ ಇಲ್ಲ ಅನ್ನಕ್ಕೆ ಬರಲ್ಲ."

"ಹಂಗಂತ ಬಾಯ್ಬಿಟ್ಟು ಹೇಳಿದ್ರೆ ಏನಾಗ್ತಿತ್ತು?"

"ಹೇಳ್ಬೌದಿತ್ತು." ಅವರು ಕಿಟಕಿ ಬಿಟ್ಟು ಅವಳ ಕಡೆ ತಿರುಗಿದರು. "ಬೀದೀಲಿ ಮಠದ ಮಾತು ಎತ್ತಿದ್ರಲ್ಲ, ನಂಗೂ ಸಿಟ್ಟು ಬಂತು. ತಿರುಗಿ ನಿಂತು ಒಂದು ಮಾತು ಹೇಳಿದ್ರೆ ಆಗೋದು. ನಾನೂ ಬಿಗಿದ್ಕೊಂಡೆ. ಆ ಯಜಮಾನರು ಕೆಮ್ಮಿದ್ದು ಎಷ್ಟೋ ದಿನ ಕಿವಿಯಾಗಿತ್ತು."

ದುರ್ಗಮ್ಮ ಆಗ ಕುರ್ಚಿಯಲ್ಲಿ ಕೂತಳು. ಕೆಳಗೆ ಹಮಾಲಿಗಳು ಯಾವನನ್ನೋ ಗೇಲಿ ಮಾಡಿ ನಗುತ್ತಿದ್ದರು.

ಆಮೇಲೆ ಮೃತ್ಯುಂಜಯಪ್ಪ ಅವಳಿಗಾಗಿ ಹುಡುಕಿದ ಮನೆ ಶಿವನಿ ರಸ್ತೆಯ ಕೊನೆಯಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ. ಜಗಲಿಯಿಲ್ಲ, ಮರವಿಲ್ಲ. ಒಡತಿ ಒಬ್ಬಳೇ, ಖಾತೆ ಅವಳ ಹೆಸರಲ್ಲೇ. ಕಾಗದವನ್ನೆಲ್ಲ ನೋಡಿ ಮುಗಿಸಿದ ದಿನ ಮೃತ್ಯುಂಜಯಪ್ಪ ತೀರ್ಥಮ್ಮನ ಬಾಡಿಗೆ ಮನೆಗೆ ಬಂದರು. ದುರ್ಗಮ್ಮ ಅದೇ ಹಿತ್ತಾಳೆ ಲೋಟದಲ್ಲಿ ನೀರು ತಂದಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಗೋಡೆಗೆ ಒರಗಿ ಕೂತಳು. ಕುಡೀರಿ ಎನ್ನಲಿಲ್ಲ.

"ಬ್ಯಾಂಕಿನೋರು ಒಪ್ಪಿದಾರೆ. ಈ ಮನೆ ಆಗುತ್ತೆ ತಾಯಿ" ಎಂದರು. ತಟ್ಟೆ ತೆಗೆದು, ಲೋಟ ಎತ್ತಿ, ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟರು. "ಇನ್ನೊಂದು ಲೋಟ ಕೊಡಿ."

ದುರ್ಗಮ್ಮ ತರಲು ಒಳಗೆ ಹೋದವಳು ಬೇಗ ಬರಲಿಲ್ಲ. ಅವರು ಅವಸರ ಮಾಡಲಿಲ್ಲ.

ಹೊಸ ಮನೆಗೆ ಹೋದ ವರ್ಷವೇ ಹಿರಿಯರ ಹಬ್ಬ ಬಂತು. ಮಾರ್ನವಮಿಯ ಅಮಾವಾಸ್ಯೆಗೆ ಸತ್ತವರು ಮನೆಗೆ ಬಂದು ಎಡೆ ಉಂಡು ಹೋಗುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ದುರ್ಗಮ್ಮ ಗೋಡೆಗೆ ಹೊನ್ನೆ ಮರದ ಗೂಟ ತಾನೇ ಹೊಡೆದಳು. ಕಂಬಳಿ ತೂಗುಹಾಕಿದಳು. ಮುದ್ದೆ, ಹುರುಳಿ ಬಸ್ಸಾರು, ಒಂದು ಕಟ್ಟು ಬೀಡಿ ಎಲ್ಲ ಎಡೆಗಿಟ್ಟಳು. ಊದುಬತ್ತಿ ಹಚ್ಚಬೇಕು ಅನ್ನುವಾಗ ಕೈ ನಿಂತಿತು.

ಸತ್ತವರು ತಾವು ಬಿಟ್ಟುಹೋದ ಬಾಗಿಲನ್ನು ಗುರುತು ಹಿಡಿದು ಬರುತ್ತಾರೆ. ಅವನಿಗೆ ಈ ಬಾಗಿಲು ಎಲ್ಲಿ ಗೊತ್ತು? ಅವನು ಬಿಟ್ಟುಹೋದದ್ದು ಬಾಗಿಲನ್ನೂ ಅಲ್ಲ, ಬೀದಿಯನ್ನು. ಈಗಲೂ ಅಲ್ಲೇ ಬೆಂಚು ಹಾಕಿದ್ದ ಜಾಗದಲ್ಲಿ ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತಾ ನಿಂತಿದ್ದರೆ?

ಬೆಂಕಿಪೊಟ್ಟಣ ಕೆಳಗಿಟ್ಟು ಚೊಂಬಿನಲ್ಲಿ ನೀರು ತುಂಬಿಕೊಂಡು ಹೊರಟಳು. ತೀರ್ಥಮ್ಮನ ಓಣಿ ತಲುಪಿ, ಬೆಂಚಿದ್ದ ಜಾಗದಲ್ಲಿ ಒಂದು ಹನಿ ನೀರು ಚೆಲ್ಲಿ ನಿಂತಳು. ಹೆಸರು ಹಿಡಿದು ಕರೆಯುವಂತಿಲ್ಲ, ಬದುಕಿದ್ದಾಗಲೇ ಒಮ್ಮೆಯೂ ಕರೆದವಳಲ್ಲ. ತುಸು ಯೋಚಿಸಿದಳು. ನಾಲಗೆಯನ್ನು ಅಂಗುಳಕ್ಕೆ ಹಚ್ಚಿದಳು. ಮೊದಲ ಸಲ ಸದ್ದು ಸರಿಯಾಗಿ ಬರಲಿಲ್ಲ. ಎರಡನೆಯ ಸಲ ಬಂತು. ಟೊಕ್, ಟೊಕ್.

ಬಾಗಿಲಿಗೆ ಬಂದ ತೀರ್ಥಮ್ಮ ಏನೋ ಕೇಳಲು ಹೋಗಿ, ಅವಳ ಮುಖ ನೋಡಿ ಸುಮ್ಮನೆ ಕೈಮುಗಿದಳು.

ದುರ್ಗಮ್ಮ ನಡೆದಳು. ಓಣಿ ದಾಟಿ, ಸಂತೆಬೀದಿ ದಾಟಿ, ಶಿವನಿ ರಸ್ತೆ ಹಿಡಿದು, ಹೆಜ್ಜೆ ಹೆಜ್ಜೆಗೂ ಆ ಸದ್ದು ಮಾಡುತ್ತಾ, ಚೊಂಬಿನ ನೀರನ್ನು ಹನಿ ಹನಿಯಾಗಿ ದಾರಿಗೆ ಬಿಡುತ್ತಾ ನಡೆದಳು. ಬಸ್ಸೊಂದು ನಿಧಾನ ಮಾಡಿ "ದುರ್ಗಕ್ಕಾ" ಎಂದು ಕೂಗಿತು. ಅವಳು ತಿರುಗಲಿಲ್ಲ. ಹಿಂದೆ ಬರುವ ದನವನ್ನು ತಿರುಗಿ ನೋಡಬಾರದು, ನೋಡಿದರೆ ನಿಂತುಬಿಡುತ್ತದೆ ಎಂದು ಅವನೇ ಹೇಳುತ್ತಿದ್ದ.

ಮನೆ ಮುಟ್ಟುವಾಗ ಚೊಂಬು ಬರಿದಾಗಿತ್ತು. ಬಾಗಿಲು ತೆರೆದಳು. ಎದುರು ಗೋಡೆಯ ಗೂಟದಲ್ಲಿ ಕರಿಕಂಬಳಿ ತೂಗುತ್ತಿತ್ತು. ಅವಳು ತಾನು ಮೊದಲು ಕಾಲಿಡಲಿಲ್ಲ. ಹೊಸ್ತಿಲ ಒಂದು ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತಳು.